ತಪ್ಪು ಶಿಕ್ಷೆ, ತಪ್ಪಿದ ಶಿಕ್ಷೆ

(ರಾಯಚೂರಿನಲ್ಲಿ ಕಾನೂನು ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಮತ್ತು ಶಿಕ್ಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೇನೆ, ಹೆಚ್ಚು ಕತ್ತರಿಸಿಲ್ಲ.)

ಎಲ್ಲರಿಗೂ ನಮಸ್ಕಾರ.

ಕರಪತ್ರದಲ್ಲಿ ನನ್ನ ವಿಷಯವನ್ನು ಹೀಗೆ ಅಚ್ಚು ಹಾಕಿಸಿದ್ದೀರಿ: 'ಅತ್ಯಾಚಾರ ಪ್ರಕರಣಗಳಲ್ಲಿ ನಿರಪರಾಧಿಗೆ ಶಿಕ್ಷೆಯಾಗುವುದು ದೊಡ್ಡ ಅನ್ಯಾಯವೋ, ಅಪರಾಧಿ ತಪ್ಪಿಸಿಕೊಳ್ಳುವುದು ದೊಡ್ಡ ಅನ್ಯಾಯವೋ?' ಚರ್ಚಾಸ್ಪರ್ಧೆಗೆ ಒಳ್ಳೆಯ ವಿಷಯ. ಒಬ್ಬರು ಪರ, ಒಬ್ಬರು ವಿರೋಧ, ಕೊನೆಗೊಂದು ಪ್ರಶಸ್ತಿಪತ್ರ. ಆದರೆ ನಾನು ಈ ಜಿಲ್ಲೆಯ ಕೋರ್ಟುಗಳಲ್ಲಿ ಎರಡೂ ಕಡೆ ನಿಂತವಳು. ವಕೀಲರಿಡುವ ಶಕ್ತಿಯಿಲ್ಲದ ಆರೋಪಿಗಳ ಪರವಾಗಿ ಕಾನೂನು ನೆರವಿನಲ್ಲಿ ವಾದಿಸಿದ್ದೇನೆ. ನೊಂದ ಹುಡುಗಿಯರ ಜೊತೆ ಕೋರ್ಟಿನ ಪಡಸಾಲೆಯಲ್ಲಿ ಕೂತು ಸರ್ಕಾರಿ ಅಭಿಯೋಜಕರಿಗೆ ನೆರವೂ ಕೊಟ್ಟಿದ್ದೇನೆ. ಅಲ್ಲಿ ನಿಂತು ನೋಡಿದ ಮೇಲೆ, ಎರಡರಲ್ಲಿ ಒಂದನ್ನು ಆರಿಸಿ ಎನ್ನುವ ಈ ಪ್ರಶ್ನೆಗೇ ನನ್ನ ತಕರಾರಿದೆ. ಎರಡು ಅನ್ಯಾಯಗಳೂ ಹುಟ್ಟುವ ಜಾಗ ಒಂದೇ. ಆ ಜಾಗ ಯಾವುದು ಎಂದು ತೋರಿಸುವುದಷ್ಟೇ ಇವತ್ತಿನ ನನ್ನ ಕೆಲಸ.

ಮೊದಲು ಲೆಕ್ಕ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 31,516. ಆ ವರ್ಷ ತೀರ್ಪು ಬಂದ ಪ್ರಕರಣಗಳಲ್ಲಿ ಶಿಕ್ಷೆಯಾದದ್ದು ನೂರಕ್ಕೆ ಇಪ್ಪತ್ತೇಳರ ಆಸುಪಾಸು. ಕೋರ್ಟಿನ ಹೊರಗಿನ ಚಹಾದಂಗಡಿಯಲ್ಲಿ ಈ ಅಂಕಿ ಇಟ್ಟರೆ ಸಾಕು, ಎರಡು ಪಂಗಡವಾಗುತ್ತದೆ. 'ನೋಡ್ರಿ, ನೂರರಾಗ ಎಪ್ಪತ್ಮೂರು ಸುಳ್ಳು ಕೇಸು' ಎನ್ನುವವರು ಒಂದು ಕಡೆ. 'ಎಪ್ಪತ್ಮೂರು ಮಂದಿ ಮಾಡಬಾರದ್ದು ಮಾಡಿ ಊರಾಗ ಮೀಸೆ ತಿರುವಿಕೊಂಡು ಅಡ್ಡಾಡ್ತಾರ' ಎನ್ನುವವರು ಇನ್ನೊಂದು ಕಡೆ. ಇಬ್ಬರೂ ತೀರ್ಪು ಓದಿರುವುದಿಲ್ಲ. ಖುಲಾಸೆಯ ತೀರ್ಪುಗಳಲ್ಲಿ ಸಾಮಾನ್ಯವಾಗಿ ಇರುವ ಸಾಲು, 'ಅಭಿಯೋಜನೆಯು ಆರೋಪವನ್ನು ಸಂಶಯಾತೀತವಾಗಿ ಸಾಬೀತುಪಡಿಸಲು ವಿಫಲವಾಗಿದೆ' ಎಂಬುದು. ದೂರು ಸುಳ್ಳು ಎಂದು ಅದು ಹೇಳುವುದಿಲ್ಲ. ಆರೋಪಿ ಮಾಡಿದ್ದಾನೆ, ಸಾಕ್ಷಿ ಸಾಲಲಿಲ್ಲ ಎಂದೂ ಹೇಳುವುದಿಲ್ಲ. ನಮಗೆ ಗೊತ್ತಾಗಲಿಲ್ಲ ಎಂದು ಹೇಳುತ್ತದೆ. ದೂರು ಸುಳ್ಳೆಂದು ಪೊಲೀಸರಿಗೆ ಅನ್ನಿಸಿದರೆ ಕೋರ್ಟಿಗೆ ಬಿ ರಿಪೋರ್ಟ್ ಹಾಕಿ ಕೇಸು ಮುಚ್ಚುವ ದಾರಿ ಬೇರೆಯೇ ಇದೆ.

2014ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಒಂದು ಪ್ರಕರಣ ತೀರ್ಮಾನಿಸಿತು. ಅಹಮದಾಬಾದಿನಲ್ಲಿ ಆರು ವರ್ಷದ ಮಗುವಿನ ಅತ್ಯಾಚಾರ ಮತ್ತು ಕೊಲೆ. ಕೆಳಗಿನ ಕೋರ್ಟು ಗಲ್ಲು ಕೊಟ್ಟಿತ್ತು, ಹೈಕೋರ್ಟ್ ಬಿಡುಗಡೆ ಮಾಡಿತ್ತು, ಸುಪ್ರೀಂ ಕೋರ್ಟ್ ಬಿಡುಗಡೆಯನ್ನೇ ಎತ್ತಿಹಿಡಿಯಿತು. ತನಿಖೆಯಲ್ಲೂ ವಿಚಾರಣೆಯಲ್ಲೂ ಆದ ಲೋಪಗಳನ್ನು ಒಂದೊಂದಾಗಿ ಎಣಿಸಿದ ಮೇಲೆ ನ್ಯಾಯಾಲಯ ಹೇಳಿದ್ದರ ಸಾರ ಇಷ್ಟು: ಪ್ರತಿ ಖುಲಾಸೆಯನ್ನೂ ನೊಂದವರಿಗೆ ನ್ಯಾಯ ಕೊಡಿಸುವಲ್ಲಿ ಆದ ಸೋಲು ಎಂದು ನೋಡಬೇಕು, ಇಲ್ಲವೇ ನಿರಪರಾಧಿಯೊಬ್ಬನನ್ನು ವೃಥಾ ಕಟಕಟೆಗೆ ಎಳೆದದ್ದು ಎಂದು ನೋಡಬೇಕು. ಎರಡರಲ್ಲಿ ಯಾವುದಾದರೂ ಯಾರೋ ಒಬ್ಬ ಅಧಿಕಾರಿ ಉತ್ತರ ಹೇಳಬೇಕು. ಪ್ರತಿ ರಾಜ್ಯವೂ ಖುಲಾಸೆಗಳನ್ನು ಪರಿಶೀಲಿಸಿ ಹೊಣೆ ಗುರುತಿಸುವ ವ್ಯವಸ್ಥೆ ಮಾಡಬೇಕೆಂದೂ ಆದೇಶಿಸಿತು. ಇಲ್ಲಿರುವ ಕಾನೂನು ವಿದ್ಯಾರ್ಥಿಗಳು ಪರೀಕ್ಷೆಗೆ ಬರಲಿ ಬಿಡಲಿ ಆ ತೀರ್ಪನ್ನು ಓದಬೇಕು.

'ನೂರು ಅಪರಾಧಿಗಳು ತಪ್ಪಿಸಿಕೊಂಡರೂ ಚಿಂತೆಯಿಲ್ಲ, ಒಬ್ಬ ನಿರಪರಾಧಿಗೆ ಶಿಕ್ಷೆಯಾಗಬಾರದು' ಎಂಬ ಮಾತನ್ನು ನಾವು ವಕೀಲರು ಬಾಯಿಪಾಠ ಮಾಡಿಕೊಂಡಿದ್ದೇವೆ. ಅದರ ಎರಡನೆಯ ಭಾಗಕ್ಕೆ ನಾನು ಜೀವ ಬಿಡುತ್ತೇನೆ. ಮೊದಲ ಭಾಗದ 'ಚಿಂತೆಯಿಲ್ಲ'ದ ಬಗ್ಗೆ ಮಾತ್ರ ನನಗೆ ಚಿಂತೆಯಿದೆ. ಆ ನೂರು ಮಂದಿ ತಪ್ಪಿಸಿಕೊಂಡು ಹೋಗುವುದು ಎಲ್ಲಿಗೆ? ಅದೇ ಓಣಿಗೆ, ಅದೇ ಬಾವಿಕಟ್ಟೆಗೆ. ಅತ್ಯಾಚಾರದ ದೂರುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಆಕೆಗೆ ಪರಿಚಯದವನೇ. 1973ರಲ್ಲೇ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಒಂದು ಕೊಲೆ ಪ್ರಕರಣದ ತೀರ್ಪಿನಲ್ಲಿ ಈ ಮಾತನ್ನು ಹಿಗ್ಗಾಮುಗ್ಗಾ ಎಳೆಯುವುದರ ವಿರುದ್ಧ ಎಚ್ಚರಿಸಿದ್ದರು. ತಪ್ಪಿತಸ್ಥನನ್ನು ಬಿಡುವುದರಿಂದಲೂ ನ್ಯಾಯ ಕೆಡುತ್ತದೆ ಎಂದಿದ್ದರು. ಬಡವರ, ಕೈದಿಗಳ ಪರ ನಿಂತ ನ್ಯಾಯಮೂರ್ತಿ ಅವರು, ಆದ್ದರಿಂದ ಆ ಮಾತಿಗೆ ತೂಕ ಹೆಚ್ಚು.

ಈಗ ಜಾಲ್ನಾಕ್ಕೆ ಬನ್ನಿ. ಮಹಾರಾಷ್ಟ್ರದ ಜಾಲ್ನಾ ಜಿಲ್ಲೆ, 2003ರ ಜೂನ್. ಹೊಲದಲ್ಲಿನ ಗುಡಿಸಲಿಗೆ ರಾತ್ರಿ ನುಗ್ಗಿದವರು ದೋಚಿದರು, ತಾಯಿ ಮಗಳ ಮೇಲೆ ಅತ್ಯಾಚಾರ ಮಾಡಿದರು, ಮಗಳನ್ನೂ ಸೇರಿಸಿ ಐವರನ್ನು ಕೊಂದರು. ತಾಯಿ ಉಳಿದಳು. ಆಕೆಗೆ ಪೊಲೀಸರು ಹಳೆಯ ಅಪರಾಧಿಗಳ ಫೋಟೋಗಳ ಆಲ್ಬಮ್ ತೋರಿಸಿದರು. ಅದರಲ್ಲಿ ನಾಲ್ವರನ್ನು ಆಕೆ ಗುರುತಿಸಿದಳು. ಆ ನಾಲ್ವರ ಬೆನ್ನು ಹತ್ತಿದ್ದರೆ ಇವತ್ತು ನಾನು ಈ ಕಥೆ ಹೇಳುತ್ತಿರಲಿಲ್ಲ. ಪೊಲೀಸರು ಹಿಡಿದು ತಂದದ್ದು ಬೇರೆ ಆರು ಜನರನ್ನು. ಅಲೆಮಾರಿ ಬುಡಕಟ್ಟಿನವರು, ಹಿಂದೆ ಮುಂದೆ ಕೇಳುವವರಿಲ್ಲದವರು. ಆಮೇಲೆ ಆಕೆಯೇ ಈ ಆರು ಜನರನ್ನೂ ಗುರುತಿಸಿದಳೆಂದು ದಾಖಲೆ ಹೇಳಿತು. ಸೆಷನ್ಸ್ ಕೋರ್ಟು ಆರೂ ಜನರಿಗೆ ಗಲ್ಲು ವಿಧಿಸಿತು. ಹೈಕೋರ್ಟ್ ಮೂವರ ಗಲ್ಲನ್ನು ಜೀವಾವಧಿಗೆ ಇಳಿಸಿತು. 2009ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆರೂ ಜನರಿಗೂ ಗಲ್ಲೇ ಸರಿ ಎಂದಿತು. ಹತ್ತು ವರ್ಷದ ನಂತರ, 2019ರ ಮಾರ್ಚ್ 5ರಂದು, ಅದೇ ಸುಪ್ರೀಂ ಕೋರ್ಟ್ ತನ್ನ ಹಳೆಯ ತೀರ್ಪನ್ನು ಮರುಪರಿಶೀಲಿಸಿ ಆರೂ ಜನರನ್ನು ನಿರ್ದೋಷಿಗಳೆಂದು ಬಿಟ್ಟಿತು. ಅವರಲ್ಲೊಬ್ಬ ಘಟನೆಯ ವೇಳೆಗೆ ಅಪ್ರಾಪ್ತ. ತಲಾ ಐದು ಲಕ್ಷ ಪರಿಹಾರ, ತನಿಖಾಧಿಕಾರಿಗಳ ಮೇಲೆ ಕ್ರಮಕ್ಕೆ ಆದೇಶ.

ಇದನ್ನು ನಿಮ್ಮ ಕರಪತ್ರದ ಯಾವ ಕಡೆಗೆ ಹಾಕುತ್ತೀರಿ? ಆರು ನಿರಪರಾಧಿಗಳು ಹದಿನಾರು ವರ್ಷ ಜೈಲಿನಲ್ಲಿದ್ದರು. ಅಷ್ಟೂ ವರ್ಷ ಆ ತಾಯಿ ಫೋಟೋದಲ್ಲಿ ಬೆರಳಿಟ್ಟು ತೋರಿಸಿದ ನಾಲ್ವರನ್ನು ಯಾರೂ ವಿಚಾರಣೆಗೆ ಒಡ್ಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತೇವಲ್ಲ, ಹಾಗೆ. ಆ ಗಾದೆ ಹೇಳುವಾಗ ನಾವು ಎಮ್ಮೆಯ ಬಗ್ಗೆ ಮಾತ್ರ ಮರುಗುತ್ತೇವೆ. ಎತ್ತಿನ ಜ್ವರ ಹಾಗೇ ಇದೆ ಎಂಬುದು ನೆನಪಿಗೆ ಬರುವುದಿಲ್ಲ.

ಉತ್ತರ ಪ್ರದೇಶದ ಲಲಿತ್‌ಪುರದ್ದು ಇನ್ನೊಂದು ಬಗೆ. 2000ದಲ್ಲಿ ಒಬ್ಬ ಯುವಕನ ಬಂಧನ, ಆಗ ಆತನಿಗೆ ಇಪ್ಪತ್ತಮೂರರ ವಯಸ್ಸು. 2003ರಲ್ಲಿ ಅತ್ಯಾಚಾರ ಮತ್ತು ಜಾತಿ ದೌರ್ಜನ್ಯದ ಆರೋಪದಲ್ಲಿ ಜೀವಾವಧಿ. ಅಲಹಾಬಾದ್ ಹೈಕೋರ್ಟ್ ನಿರ್ದೋಷಿ ಎಂದದ್ದು 2021ರ ಜನವರಿಯಲ್ಲಿ. ವೈದ್ಯಕೀಯ ವರದಿ ಆರೋಪಕ್ಕೆ ಹೊಂದುತ್ತಿರಲಿಲ್ಲ, ಎರಡೂ ಮನೆಗಳ ನಡುವೆ ಜಮೀನಿನ ತಂಟೆಯಿತ್ತು. ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. ಜೈಲಿನಿಂದ ಕಳಿಸಿದ ಆತನ ಮೇಲ್ಮನವಿ 'ದೋಷಯುಕ್ತ' ಎಂಬ ಷರಾದಡಿ ಹದಿನಾರು ವರ್ಷ ಕಚೇರಿಯಲ್ಲೇ ಬಿದ್ದಿತ್ತು. ಅಷ್ಟರಲ್ಲಿ ತಂದೆ ತಾಯಿ ಹೋದರು, ಅಣ್ಣತಮ್ಮಂದಿರೂ ತೀರಿಕೊಂಡರು. ಹೀಗೆ ಕಳೆದ ವರ್ಷಗಳಿಗೆ ಪರಿಹಾರ ಕೊಡಲು ಪ್ರತ್ಯೇಕ ಕಾನೂನು ಬೇಕೆಂದು 2018ರಲ್ಲಿ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ಹೇಳಿತ್ತು. ಕಾನೂನು ಬರಲಿಲ್ಲ. ಆಧಾರವಿಲ್ಲದೆ ಬಂಧನ ಮಾಡಿಸಿದವರಿಂದ ಪರಿಹಾರ ಕೊಡಿಸುವ ಒಂದು ಕಲಮು ಇದೆ. ಅದರ ಗರಿಷ್ಠ ಮೊತ್ತ ಒಂದು ಸಾವಿರ ರೂಪಾಯಿ. ನಗಬೇಡಿ, ನಿಜ. ದಂಡ ಪ್ರಕ್ರಿಯೆಗೆ ಹೊಸ ಸಂಹಿತೆ ಬಂದಾಗಲೂ ಅದನ್ನು ಹಾಗೇ ಉಳಿಸಿಕೊಂಡರು.

ಉಲ್ಟಾ ಕಡೆಯಿಂದ ದೆಹಲಿಯ ಛಾವ್ಲಾ ಪ್ರಕರಣ. 2012ರ ಫೆಬ್ರವರಿ, ಹತ್ತೊಂಬತ್ತು ವರ್ಷದ ಹುಡುಗಿಯ ಅತ್ಯಾಚಾರ ಮತ್ತು ಕೊಲೆ. ಕೆಳಗಿನ ಎರಡೂ ಹಂತಗಳಲ್ಲಿ ಗಲ್ಲು ವಿಧಿಸಿದ್ದ ಮೂವರನ್ನು ಸುಪ್ರೀಂ ಕೋರ್ಟ್ 2022ರ ನವೆಂಬರ್ 7ರಂದು ಬಿಟ್ಟಿತು. ಗುರುತು ಪತ್ತೆ ಪರೇಡ್ ಮಾಡಿಸಿರಲಿಲ್ಲ. ಡಿಎನ್‌ಎ ಮಾದರಿಗಳು ದಿನಗಟ್ಟಲೆ ಠಾಣೆಯ ಮಾಲ್‌ಖಾನೆಯಲ್ಲಿ, ಅಂದರೆ ಜಪ್ತಿ ಮಾಡಿದ ವಸ್ತು ಇಡುವ ಕೋಣೆಯಲ್ಲಿ, ಇದ್ದವು, ಅವುಗಳನ್ನು ಯಾರೂ ಮುಟ್ಟಿಲ್ಲ ಎಂಬ ಖಾತ್ರಿಯಿರಲಿಲ್ಲ. 49 ಸಾಕ್ಷಿಗಳಲ್ಲಿ ಹತ್ತು ಮಂದಿಗೆ ಪಾಟಿ ಸವಾಲೇ ಆಗಿರಲಿಲ್ಲ. ಆ ಮೂವರು ಮಾಡಿದ್ದರೇ ಇಲ್ಲವೇ? ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಆ ಹುಡುಗಿಯ ತಂದೆಗೂ ಇನ್ನು ಗೊತ್ತಾಗುವುದಿಲ್ಲ.

ನಮ್ಮ ರಾಜ್ಯದ್ದು ಹೇಳಿ ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಧರ್ಮಸ್ಥಳದ ಬಳಿ 2012ರ ಅಕ್ಟೋಬರ್‌ನಲ್ಲಿ ನಡೆದ ಹುಡುಗಿಯೊಬ್ಬಳ ಅತ್ಯಾಚಾರ, ಕೊಲೆ ನಿಮ್ಮ ಮನಸ್ಸಿನಲ್ಲಿದೆ. ಆ ಹುಡುಗಿಯ ಹೆಸರು ನಾಡಿಗೆಲ್ಲ ಗೊತ್ತಿದ್ದರೂ ವೇದಿಕೆಯಿಂದ ನಾನು ಹೇಳುವುದಿಲ್ಲ. ಒಬ್ಬನೇ ಆರೋಪಿ, ಸಿಐಡಿಯಿಂದ ಸಿಬಿಐವರೆಗೆ ತನಿಖೆ, 2023ರ ಜೂನ್‌ನಲ್ಲಿ ಬೆಂಗಳೂರಿನ ನ್ಯಾಯಾಲಯದಿಂದ ಖುಲಾಸೆ. ಬೀದಿಯಲ್ಲಿ ಎಷ್ಟು ಹೆಸರು ಕೂಗಿದರೂ, ಸಾಬೀತಾದ ಸಂಗತಿ ಇಷ್ಟೇ: ಹನ್ನೊಂದು ವರ್ಷದ ಹತ್ತಿರ ಹೊತ್ತ ಆರೋಪ ನಿಲ್ಲಲಿಲ್ಲ, ಆ ಮಗುವಿಗೆ ಹಾಗೆ ಮಾಡಿದವರು ಯಾರೆಂದು ಕೋರ್ಟಿಗೆ ತಿಳಿಯಲಿಲ್ಲ. ಆ ಮನುಷ್ಯನಿಗೂ ಆ ತಾಯಿಗೂ ಅನ್ಯಾಯ ಒಂದೇ ಕಡತದಿಂದ ಆಯಿತು.

ಆ ಕಡತ ತೆರೆದುಕೊಳ್ಳುವುದು ಹೇಗೆ ಎಂದು ನಮ್ಮ ಜಿಲ್ಲೆಯಲ್ಲೇ ನೋಡೋಣ. ಲಿಂಗಸುಗೂರಿನ ಆಚೆಯ ಒಂದು ತಾಂಡಾ. ಸಂಜೆ ಹೊಲದಿಂದ ಬರುವಾಗ ಹೆಣ್ಣುಮಗಳೊಬ್ಬಳ ಮೇಲೆ ದೌರ್ಜನ್ಯವಾಯಿತು ಎನ್ನಿ. ಮನೆಗೆ ಬಂದ ಕೂಡಲೇ ತಾಯಿ ಮೈ ತೊಳೆಸುತ್ತಾಳೆ, ಬಟ್ಟೆ ನೆನೆಹಾಕುತ್ತಾಳೆ. ತಾಯಿಯಾದವಳು ಇನ್ನೇನು ಮಾಡಿಯಾಳು? ರಾತ್ರಿ ಹಿರಿಯರು ಕೂಡುತ್ತಾರೆ. ಮರುದಿನ ಠಾಣೆ. ಮಹಿಳಾ ಸಿಬ್ಬಂದಿ ಬೇರೆ ಬಂದೋಬಸ್ತಿಗೆ ಹೋಗಿದ್ದಾರೆ, ಸಂಜೆ ಬನ್ನಿ. ಸಂಜೆ ಹೋದರೆ 'ಅದು ನಮ್ಮ ಹದ್ದಿಗೆ ಬರಲ್ಲ.' ತಾಲೂಕು ಆಸ್ಪತ್ರೆಯಲ್ಲಿ 'ರಿಮ್ಸ್‌ಗೆ ಹೋಗಿ', ಅಂದರೆ ರಾಯಚೂರಿನ ಸರ್ಕಾರಿ ದೊಡ್ಡಾಸ್ಪತ್ರೆಗೆ, ನೂರು ಕಿಲೋಮೀಟರಿನ ಹತ್ತಿರ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಹೇಳುವ ಪ್ರಕಾರ 72 ಗಂಟೆ ಕಳೆದ ಮೇಲೆ ದೇಹದ ಮೇಲಿನ ಸಾಕ್ಷ್ಯ ಸಿಗುವುದು ತೀರ ಕಡಿಮೆ, ಆದರೂ 96 ಗಂಟೆಯವರೆಗೆ ಮಾದರಿ ತೆಗೆಯಬೇಕು. ನಮ್ಮಲ್ಲಿ ಅಷ್ಟು ಹೊತ್ತು ಬರೀ ಓಡಾಟಕ್ಕೇ ಸಾಲದು.

ಇದೆಲ್ಲ ಕಾನೂನಿಲ್ಲದ ಕಾರಣ ಆಗುತ್ತಿಲ್ಲ. ಹದ್ದು ಯಾವುದೇ ಇರಲಿ ದೂರು ಬರೆದುಕೊಳ್ಳಲೇಬೇಕು, ಅದಕ್ಕೇ ಝೀರೋ ಎಫ್‌ಐಆರ್. ಬರೆದುಕೊಳ್ಳದ ಅಧಿಕಾರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಶಿಕ್ಷೆಯಿದೆ. ಮಾಹಿತಿ ಸಿಕ್ಕ 24 ಗಂಟೆಯೊಳಗೆ ಆಕೆಯನ್ನು ವೈದ್ಯರ ಬಳಿ ಕಳಿಸಬೇಕು, ವೈದ್ಯರ ವರದಿ ಏಳು ದಿನದೊಳಗೆ ತನಿಖಾಧಿಕಾರಿಯ ಕೈ ಸೇರಬೇಕು. ಆಕೆಗೆ ಮೊದಲೇ ಲೈಂಗಿಕ ಸಂಬಂಧವಿತ್ತೇ ಎಂದು ನೋಡುವ ಎರಡು ಬೆರಳಿನ ಪರೀಕ್ಷೆ ಮಾಡಿದವರು ದುರ್ನಡತೆಯ ಹೊಣೆ ಹೊರಬೇಕೆಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಹೇಳಿದೆ. ವ್ಯವಸ್ಥೆಗೆ ಓಡಲು ಬರುತ್ತದೆ ಎಂಬುದಕ್ಕೂ ಪಕ್ಕದಲ್ಲೇ ಸಾಕ್ಷಿಯಿದೆ. 2025ರ ಮಾರ್ಚ್‌ನಲ್ಲಿ ಗಂಗಾವತಿ ತಾಲೂಕಿನ ಸಾಣಾಪುರದ ಕಾಲುವೆ ಬಳಿ ವಿದೇಶಿ ಪ್ರವಾಸಿಯೊಬ್ಬರ ಮೇಲೂ ಸ್ಥಳೀಯ ಮಹಿಳೆಯೊಬ್ಬರ ಮೇಲೂ ದೌರ್ಜನ್ಯವಾದಾಗ ಬಂಧನಗಳು ದಿನಗಳಲ್ಲೇ ಆದವು. ಪ್ರಪಂಚ ನೋಡುತ್ತಿತ್ತು. ತಾಂಡಾದ ಕಡೆ ಯಾರು ನೋಡುತ್ತಾರೆ?

ದೂರು ಬರೆಯುವ ಬಗೆಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನ್ನ ವೃತ್ತಿಯ ಅರ್ಧ ಜೀವನ ಆ ಒಂದು ಹಾಳೆಯ ಸುತ್ತ ಕಳೆದಿದೆ. ಆಕೆ ಹೇಳುವುದು ಲಂಬಾಣಿಯಲ್ಲೋ ಗಡಿಯ ತೆಲುಗಿನಲ್ಲೋ ನಮ್ಮ ಕಡೆಯ ಕನ್ನಡದಲ್ಲೋ. ಹಾಳೆಗೆ ಇಳಿಯುವುದು ಮಾತ್ರ ಎಲ್ಲ ಠಾಣೆಗಳಿಗೂ ಒಂದೇ ಆದ ವಾಕ್ಯ: 'ಸದರಿ ಆರೋಪಿತನು ಬಲವಂತವಾಗಿ ಸಂಭೋಗ ಮಾಡಿ, ಯಾರಿಗಾದರೂ ಹೇಳಿದರೆ ಜೀವ ಸಹಿತ ಬಿಡುವುದಿಲ್ಲವೆಂದು ಬೆದರಿಕೆ ಹಾಕಿ...' ಆಕೆ ಬೆದರಿಕೆಯ ಮಾತೇ ಎತ್ತಿರುವುದಿಲ್ಲ. ವಾರದ ನಂತರ ಮ್ಯಾಜಿಸ್ಟ್ರೇಟರ ಮುಂದೆ ತನ್ನ ಮಾತಿನಲ್ಲಿ ಹೇಳಿದಾಗ ಬೆದರಿಕೆ ಇಲ್ಲ. ಕೋರ್ಟಿನಲ್ಲಿ ಪಾಟಿ ಸವಾಲಿಗೆ ನಿಂತಾಗ ನನ್ನಂಥ ವಕೀಲೆ ಎರಡೂ ಹಾಳೆ ಎತ್ತಿ ಹಿಡಿದು, 'ಇದರಲ್ಲಿ ಯಾವುದು ಸುಳ್ಳಮ್ಮಾ?' ಎಂದು ಕೇಳುತ್ತಾಳೆ. ಆರೋಪಿಯ ಪರ ನಿಂತವಳು ಅದನ್ನು ಕೇಳಲೇಬೇಕು, ಅದು ಆತನ ಹಕ್ಕು. ಆದರೆ ಆ ವ್ಯತ್ಯಾಸ ಹುಟ್ಟಿಸಿದ್ದು ಬರೆದುಕೊಂಡವನ ಲೇಖನಿ.

ಅದೇ ಲೇಖನಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. 'ಒಬ್ಬನ ಹೆಸರು ಬರೆದರೆ ಕೇಸು ನಿಲ್ಲಲ್ಲ, ಅವನ ಅಣ್ಣ, ಗೆಳೆಯ ಎಲ್ಲ ಬರೆಸು' ಎಂದು ಊರಿನ ಬುದ್ಧಿವಂತರು ಸೇರಿಸುತ್ತಾರೆ. ಒಬ್ಬ ಮಾಡಿದ್ದಕ್ಕೆ ನಾಲ್ವರ ಹೆಸರು. ಮೂವರು ನಿರಪರಾಧಿಗಳು ತಿಂಗಳುಗಟ್ಟಲೆ ಜೈಲಿನಲ್ಲಿ ಕೂರುತ್ತಾರೆ. ವಿಚಾರಣೆಯಲ್ಲಿ ಆ ಮೂವರು ಅಲ್ಲಿರಲಿಲ್ಲ ಎಂದು ಗೊತ್ತಾದ ದಿನ ನಿಜವಾಗಿ ಮಾಡಿದವನಿಗೂ ಸಂಶಯದ ಲಾಭ ಸಿಗುವ ಬಾಗಿಲು ತೆರೆಯುತ್ತದೆ. ಹೇಳಿಕೆಯ ಒಂದು ಭಾಗ ಸುಳ್ಳಾದರೆ ಪೂರ್ತಿ ತಳ್ಳಿಹಾಕಬೇಕೆಂಬ ನಿಯಮ ನಮ್ಮಲ್ಲಿಲ್ಲ, ಕಾಳು ಜಳ್ಳು ಬೇರೆ ಮಾಡಿ ನೋಡಬೇಕೆಂದೇ ಸುಪ್ರೀಂ ಕೋರ್ಟ್ ಹೇಳುತ್ತದೆ. ಆಕೆಯೊಬ್ಬಳ ಸಾಕ್ಷ್ಯ ನಂಬಿಕೆಗೆ ಅರ್ಹವಾಗಿದ್ದರೆ ಅದೇ ಸಾಕು, ಬೇರೆ ಪುಷ್ಟಿ ಬೇಡವೆಂದು 1996ರಲ್ಲೇ ಹೇಳಿದೆ. ಆದರೆ ಒಬ್ಬಳ ಮಾತಿನ ಮೇಲೇ ಇಡೀ ಕೇಸು ನಿಲ್ಲುವಾಗ ಆ ಮಾತಿಗೆ ಇನ್ನೊಬ್ಬರು ಬೆರೆಸಿದ ಪ್ರತಿ ಹನಿಯೂ ಅವಳಿಗೇ ವಿಷವಾಗುತ್ತದೆ.

ಇನ್ನು ಪೋಕ್ಸೋ, ಅಂದರೆ ಹದಿನೆಂಟು ತುಂಬದವರನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಕಾಯ್ದೆ. ಆ ವಯಸ್ಸಿನವರ ಒಪ್ಪಿಗೆ ಅದರಲ್ಲಿ ಲೆಕ್ಕಕ್ಕಿಲ್ಲ. 2012ರ ನವೆಂಬರ್ 14ರಂದು ಜಾರಿಗೆ ಬಂದ ಈ ಕಾಯ್ದೆ ಇಲ್ಲದಿದ್ದರೆ ಎಷ್ಟೋ ಮಕ್ಕಳಿಗೆ ದಿಕ್ಕಿರುತ್ತಿರಲಿಲ್ಲ. ಆದರೆ ನಮ್ಮ ಕೋರ್ಟಿನ ಪಡಸಾಲೆಯಲ್ಲಿ ನಿಮಗೆ ಕಾಣುವ ಇನ್ನೊಂದು ಜೋಡಿ ಇದೆ: ಹದಿನೇಳರ ಹುಡುಗಿ, ಇಪ್ಪತ್ತರ ಹುಡುಗ, ಬೇರೆ ಬೇರೆ ಜಾತಿ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಓಡಿಹೋದವರು. ಹುಡುಗಿಯ ಅಪ್ಪನ ದೂರು, ಹುಡುಗ ಜೈಲಿಗೆ, ಹುಡುಗಿ ಬಾಲಮಂದಿರಕ್ಕೆ. ದೆಹಲಿಯ ಕೋರ್ಟುಗಳಲ್ಲಿ 2013ರಲ್ಲಿ ಪೂರ್ತಿ ವಿಚಾರಣೆ ನಡೆದ 460 ಅತ್ಯಾಚಾರ ಪ್ರಕರಣಗಳ ತೀರ್ಪುಗಳನ್ನು ಒಬ್ಬ ಪತ್ರಕರ್ತೆ ಓದಿದಾಗ ನೂರಕ್ಕೆ ನಲವತ್ತು ಇಂಥವೇ ಇದ್ದವು. 2022ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ಇಂಥ ಒಂದು ಪ್ರಕರಣದಲ್ಲಿ, ಒಪ್ಪಿಗೆಯ ವಯಸ್ಸಿನ ಮಾನದಂಡದ ಬಗ್ಗೆ ಮತ್ತೆ ಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ, ಹದಿನಾರು ದಾಟಿದವರ ಪ್ರಕರಣಗಳಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು. ಬಾಲ್ಯವಿವಾಹ ಇನ್ನೂ ನಿಲ್ಲದ ನಮ್ಮ ಸೀಮೆಯಲ್ಲಿ ವಯಸ್ಸು ಇಳಿಸುವುದಕ್ಕೆ ನನಗೂ ಭಯವೇ. ಆದರೂ ಹೇಳುತ್ತೇನೆ: ವಿಶೇಷ ನ್ಯಾಯಾಲಯದ ಸರದಿಯಲ್ಲಿ ಈ ಓಡಿಹೋದ ಜೋಡಿಯ ಕೇಸಿನ ಹಿಂದೆ ಏಳು ವರ್ಷದ ಮಗುವಿನ ಕೇಸು ಕಾಯುತ್ತಿರುತ್ತದೆ. ಒಂದು ವರ್ಷದಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳಿದ್ದು ಆ ಮಗುವಿಗಾಗಿ.

ಕಾಯುವ ಹೊತ್ತಿನಲ್ಲೇ ಕೇಸು ಸಾಯುವುದು. ಸುಗ್ಗಿ ಮುಗಿದ ಮೇಲೆ ಮಸ್ಕಿ, ದೇವದುರ್ಗದ ಹಳ್ಳಿಗಳಲ್ಲಿ ಅರ್ಧ ಊರು ಗುಳೆ ಹೋಗಿರುತ್ತದೆ. ಸಮನ್ಸ್ ಹಿಡಿದ ಪೇದೆ ಬೀಗ ಹಾಕಿದ ಮನೆ ನೋಡಿ 'ಸಾಕ್ಷಿ ಊರಲ್ಲಿಲ್ಲ' ಎಂದು ಬರೆದು ಬರುತ್ತಾನೆ. ಇದ್ದವರಿಗೂ ಬರುವ ಧೈರ್ಯವಿರುವುದಿಲ್ಲ. ಒಬ್ಬ ತಾಯಿ ನನಗೆ ಹೇಳಿದ್ದು: 'ಯಕ್ಕಾ, ಅವ್ರ ಹೊಲದಾಗ ದುಡ್ದು ಉಣ್ತೀವಿ, ಅವ್ರ ಎದುರಿಗೆ ಹ್ಯಾಂಗ ನಿಂದ್ರಬೇಕು?' ಆಮೇಲೆ ರಾಜಿ ಪಂಚಾಯ್ತಿ, ಒಂದಿಷ್ಟು ದುಡ್ಡು, ಕೆಲವೊಮ್ಮೆ ಅವನ ಜೊತೆಗೇ ಮದುವೆ. ಸಾಕ್ಷಿಕಟ್ಟೆಯಲ್ಲಿ 'ನನಗೇನೂ ಗೊತ್ತಿಲ್ಲ ಸ್ವಾಮಿ.' ಲೆಕ್ಕದ ಪುಸ್ತಕಕ್ಕೆ ಇನ್ನೊಂದು 'ಸುಳ್ಳು ಕೇಸು' ಸೇರಿತು. ಸಾಕ್ಷಿಗಳ ರಕ್ಷಣೆಯ ಯೋಜನೆಗೆ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲೇ ಕಾನೂನಿನ ಬಲ ಕೊಟ್ಟಿದೆ. ಈ ತಾಯಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಇದನ್ನೆಲ್ಲ ಕೇಳಿ ಬೇಸತ್ತವರು ಹೇಳುವುದು, 'ಹೈದರಾಬಾದಿನಾಗ ಮಾಡಿದಂಗ ಮಾಡಬೇಕ್ರಿ.' ನೀವು ಬಸ್ಸಿನಲ್ಲಿ ಹೈದರಾಬಾದಿಗೆ ಹೋಗುವಾಗ ಶಾದ್‌ನಗರ ದಾಟುತ್ತೀರಲ್ಲ, ಅಲ್ಲೇ ಹತ್ತಿರ 2019ರ ಡಿಸೆಂಬರ್ 6ರ ಬೆಳಗಿನ ಜಾವ ಪಶುವೈದ್ಯೆಯೊಬ್ಬರ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಕ್ಕಿ ಕೊಂದದ್ದು. ಜನ ಹೂ ಎರಚಿದರು, ನಮ್ಮೂರಲ್ಲೂ ಪಟಾಕಿ ಹೊಡೆದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಬಹಿರಂಗವಾಯಿತು. ಆರೋಪಿಗಳು ಪಿಸ್ತೂಲು ಕಸಿದುಕೊಂಡರು ಎಂಬ ಕಥೆ ನಂಬುವಂಥದ್ದಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಸತ್ತವರಲ್ಲಿ ಮೂವರು ಅಪ್ರಾಪ್ತರು ಎಂದಿತು. ಆ ನಾಲ್ವರ ವಿರುದ್ಧ ಇದ್ದ ಸಾಕ್ಷ್ಯ ಗಟ್ಟಿಯಿತ್ತೋ ಟೊಳ್ಳಿತ್ತೋ, ಇನ್ನು ಯಾವ ಕೋರ್ಟೂ ತೂಗಲಾರದು. ಜಾಲ್ನಾದ ಪೊಲೀಸರ ಕೈಯಲ್ಲೂ ಹೀಗೇ ಮುಗಿದಿದ್ದರೆ ಆ ಆರು ಮಂದಿ ನಿರಪರಾಧಿಗಳೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಪ್ರಶ್ನೆಗಳಿಗೆ ಸಮಯ ಕೊಟ್ಟಿದ್ದಾರೆ. ಎರಡು ಪ್ರಶ್ನೆ ಇಲ್ಲಿ ಬರೆಯುತ್ತೇನೆ.

ಮಾನ್ವಿ ಕಡೆಯ ಆಶಾ ಕಾರ್ಯಕರ್ತೆ ಕೇಳಿದರು: 'ಅಕ್ಕಾ, ರಾತ್ರಿ ಯಾರರ ಬಂದು ಬಾಗ್ಲಾ ಬಡದ್ರ ನಾ ಏನ್ ಮಾಡ್ಲಿ?' ಮೈ ತೊಳೆಯಲು ಬಿಡಬೇಡಿ, ಬಾಯಿ ಮುಕ್ಕಳಿಸುವುದೂ ಬೇಡ. ಬಟ್ಟೆ ಬದಲಿಸಿದ್ದರೆ ಒಗೆಯದೆ, ನೆರಳಲ್ಲಿ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಹಾಳೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲ ಬೇಡ, ತೇವಕ್ಕೆ ಬೂಷ್ಟು ಹಿಡಿದು ಎಲ್ಲ ಹಾಳಾಗುತ್ತದೆ. ಠಾಣೆಗೆ ಮೊದಲು ಹೋಗಬೇಕೆಂದೇನಿಲ್ಲ, ನೇರ ಆಸ್ಪತ್ರೆಗೆ ಹೋಗಬಹುದು. ಪೊಲೀಸರ ಚೀಟಿ ತನ್ನಿ ಎಂದು ಚಿಕಿತ್ಸೆ ನಿರಾಕರಿಸುವಂತಿಲ್ಲ, ಖಾಸಗಿ ಆಸ್ಪತ್ರೆಯಾದರೂ ಮೊದಲ ಚಿಕಿತ್ಸೆ ಉಚಿತ. ಹೆಣ್ಣುಮಗುವಾಗಿದ್ದರೆ ಪರೀಕ್ಷೆ ಮಾಡುವವರು ವೈದ್ಯೆಯೇ ಆಗಬೇಕು. ಮತ್ತೆ, ಏನಾಯಿತೆಂದು ನೀವು ಹತ್ತು ಸಲ ಕೇಳಬೇಡಿ. ಅವಳು ತಾನಾಗಿ ಹೇಳಿದ್ದನ್ನು ಅವಳ ಮಾತಿನಲ್ಲೇ, ಹೇಳಿದ ಹೊತ್ತಿನ ಸಮೇತ ನಿಮ್ಮ ಡೈರಿಯಲ್ಲಿ ಬರೆದಿಡಿ.

ಕೊನೆಯ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ನಿಂತು, 'ಮೇಡಮ್ಮಾರ, ನನ್ನ ಮಗಾ ಅವತ್ತು ಊರಾಗ ಇರಲೇ ಇಲ್ರಿ. ಪೊಲೀಸರು ಕೇಳವಲ್ರು' ಎಂದರು. ಅವರಿಗೆ ಹೇಳಿದ್ದು ಇದು: ಯಜಮಾನರೇ, ಎಲ್ಲಿದ್ದ ಎಂಬುದಕ್ಕೆ ಏನೇನು ಗುರುತಿದೆಯೋ ಇವತ್ತೇ ಕೂಡಿಸಿ. ಬಸ್ಸಿನ ಚೀಟಿ, ಫೋನ್‌ಪೇಯಲ್ಲಿ ದುಡ್ಡು ಕೊಟ್ಟ ದಾಖಲೆ, ಕೆಲಸಕ್ಕೆ ಹೋದ ಕಡೆಯ ಹಾಜರಿ ಪುಸ್ತಕ. ಅಂಗಡಿ, ಬಸ್ ಸ್ಟ್ಯಾಂಡಿನ ಕ್ಯಾಮೆರಾದ ಚಿತ್ರ ಬಹಳ ದಿನ ಉಳಿಯುವುದಿಲ್ಲ, ಹಳೆಯದರ ಮೇಲೆ ಹೊಸದು ಕೂರುತ್ತದೆ. ಅದನ್ನು ಕಾಯ್ದಿಡಿ ಎಂದು ತನಿಖಾಧಿಕಾರಿಗೆ ಬರಹದಲ್ಲಿ ಅರ್ಜಿ ಕೊಡಿ, ಒಂದು ಪ್ರತಿ ಎಸ್ಪಿ ಸಾಹೇಬರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಕಳೆಯಬೇಡಿ. ಮೊಬೈಲಿನ ಟವರ್ ವಿವರ ತರಿಸುವಂತೆ ಕೋರ್ಟಿಗೂ ಕೇಳಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಿದೆ, ಸೋಮವಾರ ಬೆಳಿಗ್ಗೆ ಬನ್ನಿ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಆ ಹುಡುಗಿಯ ಮನೆ ಕಡೆ ಯಾರನ್ನೂ ಕಳಿಸಬೇಡಿ, ರಾಜಿಗೂ ಬೇಡ, ಜಗಳಕ್ಕೂ ಬೇಡ.